ಅಪ್ಪ-ಅವ್ವನ ಹೆಸರಿನ ದುಡ್ಡು ಜೂನ್‌ನಲ್ಲೇ ಕೈಸೇರಲಿ

ತಾಲೂಕಿನ ಯಾವ ಕಾಲೇಜಿನ ವಾರ್ಷಿಕೋತ್ಸವಕ್ಕೆ ಹೋದರೂ ಅರ್ಧ ಗಂಟೆ ದತ್ತಿ ಬಹುಮಾನಕ್ಕೇ ಹೋಗುತ್ತದೆ. ಮೈಕ್ ಹಿಡಿದ ಮೇಷ್ಟ್ರು ‘ದಿವಂಗತ ಇಂಥವರ ಸ್ಮರಣಾರ್ಥ ಅವರ ಮಕ್ಕಳು ಇಟ್ಟ ದತ್ತಿ’ ಎಂದು ಪಟ್ಟಿ ಓದುತ್ತಾರೆ. ಕನ್ನಡದಲ್ಲಿ ಹೆಚ್ಚು ಅಂಕ, ಅರ್ಥಶಾಸ್ತ್ರದಲ್ಲಿ ಹೆಚ್ಚು ಅಂಕ, ಒಟ್ಟಾರೆ ಹೆಚ್ಚು ಅಂಕ. ಮೂರು ಸಲವೂ ಅದೇ ಹುಡುಗಿ ವೇದಿಕೆ ಹತ್ತುತ್ತಾಳೆ. ಕೈಗೊಂದು ಕವರ್, ಒಂದು ಫೋಟೊ, ಚಪ್ಪಾಳೆ. ಕವರಿನೊಳಗೆ ಎಷ್ಟಿದೆ ಅಂತ ಮಾತ್ರ ಯಾರೂ ಮೈಕಿನಲ್ಲಿ ಹೇಳುವುದಿಲ್ಲ.

ಆ ಲೆಕ್ಕ ಕಷ್ಟದ್ದೇನಲ್ಲ. 1995ರ ಸುಮಾರಿಗೆ ಒಬ್ಬರು ಅಪ್ಪನ ಹೆಸರಲ್ಲಿ 10,000 ರೂಪಾಯಿ ಠೇವಣಿ ಇಟ್ಟರು ಅನ್ನಿ. ಆಗ ಬ್ಯಾಂಕ್ ಬಡ್ಡಿ ಶೇ. 12ರ ಆಸುಪಾಸು. ವರ್ಷಕ್ಕೆ 1,200 ರೂಪಾಯಿ ಬರುತ್ತಿತ್ತು, ಬಡವರ ಮನೆ ಹುಡುಗನಿಗೆ ಅದು ದೊಡ್ಡ ದುಡ್ಡೇ. ಇವತ್ತು ಬಡ್ಡಿ ಅದರ ಅರ್ಧದ ಆಸುಪಾಸು. ಅದೇ ಠೇವಣಿಯಿಂದ 700 ರೂಪಾಯಿ ಸಿಕ್ಕರೆ ಹೆಚ್ಚು. ಹಾಲು, ಪುಸ್ತಕ, ರೂಮಿನ ಬಾಡಿಗೆ ಎಲ್ಲ ಎಷ್ಟು ಪಟ್ಟು ಏರಿವೆ ಅಂತ ನಾವು ಹೇಳಬೇಕಿಲ್ಲ. ಅವತ್ತು ವೇದಿಕೆ ಮೇಲಿನ ಗಣ್ಯರಿಗೆ ಹೊದಿಸುವ ಶಾಲು, ಹಾರದ ಖರ್ಚೇ ಇದಕ್ಕಿಂತ ಜಾಸ್ತಿ.

ತೀರಿಹೋದ ಅಪ್ಪ-ಅವ್ವನ ಹೆಸರಲ್ಲಿ ಮಕ್ಕಳ ಓದಿಗೆ ದುಡ್ಡು ಕೊಡುವುದು ಒಳ್ಳೇ ಕೆಲಸ. ಅದನ್ನು ಬಹುಮಾನ ಮಾಡಿ ಕೆಡಿಸುತ್ತಿದ್ದೇವೆ ಅನ್ನುವುದೇ ನಮ್ಮ ಜಗಳ. ಮೊದಲ ಸ್ಥಾನ ಬಂದವರಿಗೆ ಹೇಗೋ ದಾರಿ ಸಿಗುತ್ತದೆ. ಅವರನ್ನು ಕರೆದು ಸನ್ಮಾನ ಮಾಡಲು ಹತ್ತು ಸಂಘಗಳಿವೆ. ಶೇ. 55 ತೆಗೆದುಕೊಂಡು, ಬೆಳಗ್ಗೆ ಎಮ್ಮೆ ಹಾಲು ಕರೆದು ಬಂದು ಕೊನೇ ಬೆಂಚಿನಲ್ಲಿ ಕೂರುವವನಿಗೆ ಯಾವ ಸಂಘ ಇದೆ?

ಹಳ್ಳಿಯಿಂದ ಬಸ್ಸಿನಲ್ಲಿ ಓಡಾಡಿ ಪತ್ರಿಕೋದ್ಯಮ ಓದಿದವರು ನಾವು. ಮೊದಲ ಸೆಮಿಸ್ಟರ್‌ನಲ್ಲಿ ಪಕ್ಕದಲ್ಲೇ ಕೂತಿದ್ದವರು ಮೂರನೆಯದರ ಹೊತ್ತಿಗೆ ಕಾಣೆಯಾದದ್ದನ್ನು ನೋಡಿದ್ದೇವೆ. ದಡ್ಡರೇನಲ್ಲ. ಪರೀಕ್ಷೆ ಶುಲ್ಕದ ಕೊನೇ ದಿನ ಮನೆಯಲ್ಲಿ ದುಡ್ಡಿರಲಿಲ್ಲ, ಅಷ್ಟೇ. ಹುಡುಗರು ಬೆಂಗಳೂರಿಗೆ ಡೆಲಿವರಿ ಕೆಲಸಕ್ಕೆ ಹೋದರು, ಹುಡುಗಿಯರಿಗೆ ಮದುವೆಯಾಯಿತು.

ಸರ್ಕಾರ ಕೊಡುತ್ತದಲ್ಲ ಅಂತ ಕೇಳುತ್ತೀರಿ. ಕೊಡುತ್ತದೆ. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಬಿ.ಎ., ಬಿ.ಕಾಂ. ಓದುವ ರೈತರ ಮಗನಿಗೆ ವರ್ಷಕ್ಕೆ 5,000, ಮಗಳಿಗೆ 5,500 ರೂಪಾಯಿ ಅಂತ ನಿಗದಿ ಮಾಡಿದರು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ, ತಿಂಗಳಿಗೆ ಇಂತಿಷ್ಟು ಅಂತ ಹತ್ತು ತಿಂಗಳು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಕೂಡ ಉಚಿತ. ಇದೆಲ್ಲ ಬೇಕು. ಆದರೆ ವಿದ್ಯಾರ್ಥಿವೇತನ ಬರುವುದು ದಾಖಲಾತಿ ಆಗಿ, ಆನ್‌ಲೈನ್ ಅರ್ಜಿ ಹಾಕಿ, ಆಧಾರ್ ಜೋಡಣೆ ಸರಿಯಾಗಿ, ಪರಿಶೀಲನೆ ಮುಗಿದ ಮೇಲೆ. ಕಾಲೇಜಿನ ಕೌಂಟರ್‌ನಲ್ಲಿ ದುಡ್ಡು ಕೇಳುವುದು ಅವತ್ತೇ. ನಡುವಿನ ಆ ಮೂರು-ನಾಲ್ಕು ಸಾವಿರ ಇಲ್ಲದೆ ಓದು ನಿಲ್ಲುತ್ತದೆ. ಸರ್ಕಾರಕ್ಕೆ ನಾಳೆ ಬೆಳಗ್ಗೆಯೊಳಗೆ ದುಡ್ಡು ಕೊಡಲು ಆಗುವುದಿಲ್ಲ. ಊರಿನವರಿಗೆ ಆಗುತ್ತದೆ.

ಇನ್ನು, ಯಾರ ಮಕ್ಕಳಿಗೆ? ಇಲ್ಲಿ ನಮ್ಮವರ ಬಾಯಿ ಸಣ್ಣದಾಗುತ್ತದೆ. ‘ನಮ್ಮ ಜನಾಂಗದ ಪ್ರತಿಭಾವಂತರಿಗೆ’ ಎಂಬ ಒಂದು ಸಾಲು ದತ್ತಿ ಪತ್ರದಲ್ಲಿ ನುಸುಳಿರುತ್ತದೆ. ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ತಮ್ಮ ಸಮಾಜದ ಮಕ್ಕಳ ಓದಿಗೇ ಬರೆದಿಟ್ಟರಲ್ಲ ಅಂತ ಉದಾಹರಣೆ ಕೊಡುವವರೂ ಇದ್ದಾರೆ. ನಿಜ. ಅವರು ತೀರಿಕೊಂಡದ್ದು 1906ರಲ್ಲಿ. ಓದಿದವರೇ ಬೆರಳೆಣಿಕೆಯಷ್ಟಿದ್ದ ಕಾಲ ಅದು. ಇಡೀ ಆಸ್ತಿ ಕೊಟ್ಟ ಆ ದೊಡ್ಡ ಮನಸ್ಸನ್ನು ಬಿಟ್ಟು, ಜಾತಿಯ ಷರತ್ತನ್ನು ಮಾತ್ರ ಎತ್ತಿಕೊಂಡರೆ ಹೇಗೆ? ನಿಮ್ಮಪ್ಪನ ಗದ್ದೆಯಲ್ಲಿ ಕಳೆ ಕಿತ್ತವರು, ಚಟ್ಟಕ್ಕೆ ಬಿದಿರು ಕಡಿದು ತಂದವರು, ಗುಂಡಿ ತೋಡಿದವರು ಎಲ್ಲರೂ ನಿಮ್ಮ ಜನಾಂಗದವರೇ ಆಗಿದ್ದರೇ? ಅಪ್ಪನನ್ನು ಹೊತ್ತುಕೊಂಡು ಹೋಗುವಾಗ ಬೇಕಾದವರು, ಅಪ್ಪನ ಹೆಸರಿನ ದುಡ್ಡು ಹಂಚುವಾಗ ಬೇಡವಾದರು.

ಹೆಸರಿನ ವಿಷಯಕ್ಕೂ ಒಂದು ಮಾತು. ನಾವು ಕೇಳಿದ ಪಟ್ಟಿಗಳಲ್ಲಿ ಹೆಚ್ಚಿನವು ಅಪ್ಪಂದಿರ ಹೆಸರೇ. ಪಹಣಿಯಲ್ಲಿ ಅಪ್ಪನ ಹೆಸರಿತ್ತು, ಒಪ್ಪೋಣ. ಆದರೆ ಡೈರಿ ದುಡ್ಡಿನಲ್ಲಿ, ಸ್ತ್ರೀಶಕ್ತಿ ಸಂಘದ ಸಾಲದಲ್ಲಿ ಫೀಸ್ ಕಟ್ಟಿದ್ದು ಯಾರು? ಅವ್ವನ ಹೆಸರೂ ಮೈಕಿನಲ್ಲಿ ಒಂದು ಸಲ ಕೇಳಲಿ.

‘ತಿಥಿ ಊಟ ಹಾಕದಿದ್ದರೆ ಊರು ಏನಂದೀತು?’ ಊಟ ಹಾಕಿ, ಬೇಡ ಅಂದವರು ನಾವಲ್ಲ. ಊರು ಒಟ್ಟಿಗೆ ಕೂತು ಉಣ್ಣುವುದು ದುಃಖಕ್ಕೆ ಒಳ್ಳೇ ಮದ್ದು. ಆದರೆ ಬಸ್‌ಸ್ಟ್ಯಾಂಡಿನಲ್ಲಿ ಕಟ್ಟುವ ಶ್ರದ್ಧಾಂಜಲಿ ಫ್ಲೆಕ್ಸ್ ಇದೆಯಲ್ಲ, ಕೆಳಗೆ ನಲವತ್ತು ಮಂದಿ ಬದುಕಿರುವವರ ಫೋಟೊ ಇರುವಂಥದ್ದು, ಅದರಲ್ಲಿ ಸತ್ತವರು ಯಾರು ಅಂತ ಹುಡುಕಬೇಕು. ಆ ದುಡ್ಡನ್ನಾದರೂ ಇತ್ತ ತಿರುಗಿಸಿ.

ದತ್ತಿಯನ್ನೇ ಇಡುವುದಾದರೆ ಕಾಲೇಜಿನ ಹತ್ತಿರ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಿ. ಪ್ರಾಂಶುಪಾಲರು ವರ್ಗವಾಗಿ ಹೋಗುತ್ತಾರೆ, ಬಾಯಿಮಾತು ಅವರ ಜೊತೆಗೇ ಹೋಗುತ್ತದೆ. ದುಡ್ಡು ದಾಖಲಾತಿ ಸಮಯದಲ್ಲೇ ಸಿಗಬೇಕು ಎಂದು ಬರೆಸಿ. ಬಡ್ಡಿಯಲ್ಲಿ ಒಂದು ಪಾಲು ಅಸಲಿಗೆ ಸೇರಲಿ, ಇಲ್ಲದಿದ್ದರೆ ಇಪ್ಪತ್ತು ವರ್ಷಕ್ಕೆ ನಿಮ್ಮಪ್ಪನ ಹೆಸರೂ ಆ 700 ರೂಪಾಯಿಯ ಗತಿಗೇ ಬರುತ್ತದೆ. ಲಕ್ಷ ರೂಪಾಯಿ ಒಟ್ಟಿಗೆ ಇಡಲು ಆಗದವರು ಠೇವಣಿಯ ಗೋಜಿಗೇ ಹೋಗಬೇಡಿ. ಅಣ್ಣತಮ್ಮಂದಿರು, ಅಕ್ಕತಂಗಿಯರು ನಾಲ್ಕು ಜನ ವರ್ಷಕ್ಕೆ ಎರಡೆರಡು ಸಾವಿರ ಹಾಕಿದರೆ 8,000 ಆಯಿತು. ಲಕ್ಷದ ಬಡ್ಡಿಗಿಂತ ಅದೇ ಹೆಚ್ಚು. ಅದನ್ನು ನೇರ ಕಾಲೇಜಿಗೆ ಕಟ್ಟಿ ರಸೀದಿ ತೆಗೆದುಕೊಳ್ಳಿ. ದೊಡ್ಡ ಚೆಕ್ಕಿನ ಬೋರ್ಡ್ ಹಿಡಿಸಿ ಫೋಟೊ ತೆಗೆಸಿ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಬೇಡಿ. ಹದಿನೆಂಟು ವರ್ಷದ ಹುಡುಗಿಗೆ ತಾನು ಬಡವಿ ಅಂತ ಇಡೀ ತಾಲೂಕಿಗೆ ಗೊತ್ತಾಗುವ ಅಗತ್ಯವಿಲ್ಲ.

ಈ ವರ್ಷ ನಿಮ್ಮ ಮನೆಯಲ್ಲಿ ವರ್ಷದ ತಿಥಿ ಇದ್ದರೆ, ಅಡುಗೆ ಭಟ್ಟರಿಗೆ ಮುಂಗಡ ಕೊಡುವ ಮುಂಚೆ ಹತ್ತಿರದ ಸರ್ಕಾರಿ ಕಾಲೇಜಿನ ಆಫೀಸಿಗೆ ಒಮ್ಮೆ ಹೋಗಿ. ಅರ್ಜಿ ತೆಗೆದುಕೊಂಡು ಹೋಗಿ ಫೀಸ್ ಕಟ್ಟಲು ವಾಪಸ್ ಬರದವರು ಯಾರ್‍ಯಾರು ಅಂತ ಅಲ್ಲಿನ ಗುಮಾಸ್ತರನ್ನು ಕೇಳಿ. ಅವರಿಗೆ ಗೊತ್ತಿರುತ್ತದೆ.