ಔಟ್ ಎಂದ ಬಾಯಿ

2010ರ ಜೂನ್ 2ರ ರಾತ್ರಿ, ಡೆಟ್ರಾಯಿಟ್. ಟೈಗರ್ಸ್ ಬೇಸ್‌ಬಾಲ್ ತಂಡದ ಪಿಚರ್ ಅರ್ಮಾಂಡೊ ಗಲರಾಗ ಕ್ಲೀವ್‌ಲ್ಯಾಂಡ್‌ನ 26 ಬ್ಯಾಟರ್‌ಗಳನ್ನು ಒಬ್ಬರಿಗೂ ಬೇಸ್ ದಕ್ಕದಂತೆ ಸಾಲಾಗಿ ವಾಪಸು ಕಳಿಸಿದ್ದ. ಇನ್ನೊಬ್ಬ ಹೋದರೆ ‘ಪರ್ಫೆಕ್ಟ್ ಗೇಮ್’. ಆ 27ನೆಯವನು ಜೇಸನ್ ಡೊನಾಲ್ಡ್. ಅವನು ಹೊಡೆದ ಚೆಂಡು ಟೈಗರ್ಸ್ ಫೀಲ್ಡರ್ ಕಬ್ರೆರಾ ಕೈಯಿಂದ ಹಾರಿ, ಮೊದಲ ಬೇಸಿಗೆ ಓಡಿಬಂದ ಗಲರಾಗನ ಗ್ಲೌಸ್ ಸೇರಿತು. ರೇಡಿಯೊದಲ್ಲಿ ವೀಕ್ಷಕ ವಿವರಣೆ ಕೊಡುತ್ತಿದ್ದ ಡ್ಯಾನ್ ಡಿಕರ್ಸನ್ ಔಟ್ ಎಂದು ಕೂಗಿಯೇಬಿಟ್ಟರು. ಮರುಗಳಿಗೆಯಲ್ಲೇ ಅದನ್ನು ನುಂಗಿಕೊಂಡು ಸೇಫ್ ಎನ್ನಬೇಕಾಯಿತು; ಅಂಪೈರ್ ಜಿಮ್ ಜಾಯ್ಸ್ ಎರಡೂ ತೋಳು ಅಗಲಿಸಿದ್ದರು. ಟಿವಿ ಮುಂದೆ ಕೂತವರಿಗೆ ರೀಪ್ಲೇ ಇತ್ತು, ಕಾರಿನಲ್ಲಿ ರೇಡಿಯೊ ಹಾಕಿಕೊಂಡವನಿಗೆ ಆ ದನಿಯೇ ಕಣ್ಣು. (ಪಾಪ, ಸರಿಯಾಗಿ ಕಂಡವರೇ ಮಾತು ಹಿಂತೆಗೆದುಕೊಳ್ಳಬೇಕಾಯಿತು!) ಆಗ ವಿಡಿಯೊ ಪರಿಶೀಲನೆ ಹೋಮ್ ರನ್‌ಗಷ್ಟೇ ಮೀಸಲು. ಪಂದ್ಯ ಮುಗಿದ ಮೇಲೆ ವಿಡಿಯೊ ನೋಡಿ ಜಾಯ್ಸ್ ತಪ್ಪೊಪ್ಪಿಕೊಂಡರು. ಮರುದಿನ ಆಟಗಾರರ ಪಟ್ಟಿ ಕೊಡಲು ಬಂದ ಗಲರಾಗನ ಎದುರು ಕಣ್ಣೊರೆಸಿಕೊಂಡರು.