ಪುಕ್ಕಟೆ ವಿದ್ಯೆಯ ಋಣ

ಕಳೆದ ಡಿಸೆಂಬರ ತಿಂಗಳಿನ ಒಂದು ಸೋಮವಾರ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹೋಗುವ ಪ್ರಸಂಗ ಒದಗಿತ್ತು. ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ನನ್ನ ಹಳೆಯ ಸ್ನೇಹಿತರೊಬ್ಬರು ಚೀಲಗಳ ಸಾಲಿನಿಂದ ನನ್ನನ್ನು ಬದಿಗೆ ಕರೆದರು. “ಮಾಸ್ತರ, ಮಿಲಿಟರಿ ಆಫೀಸರ್ ಆಗೋ ಕಾಲೇಜಿಗೆ ಒಂದು ಪೈನೂ ಹತ್ತೂದಿಲ್ಲಂತ. ಖರೇ ಏನ್ರಿ?” ಎಂದು ಕೇಳಿದರು. ಅವರ ಮಗನು ರಾಣೆಬೆನ್ನೂರಿನಲ್ಲಿ ಪಿಯುಸಿ ವಿಜ್ಞಾನ ವಿಭಾಗದ ಎರಡನೆಯ ವರ್ಷದಲ್ಲಿದ್ದಾನೆ. ಅರ್ಜಿ ಹಾಕಲು ಮೂರೇ ದಿನ ಉಳಿದಿದ್ದವು. “ಮನಿಯೊಳಗ ಏನಂತಾರ?” ಎಂದೆನು. “ಅವರವ್ವಗ ಇನ್ನೂ ಹೇಳಿಲ್ಲರಿ. ಸುಮ್ಮನ ಅಳತಾಳ,” ಎಂದರು.

ಅವರು ಕೇಳಿದ ಮಾತು ಅರ್ಧ ನಿಜ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಅನೇಕ ಮನೆಗಳಲ್ಲಿ ಈ ಅರ್ಧ ನಿಜವೇ ಪೂರ್ಣ ನಿಜವೆಂದು ನಡೆಯುತ್ತಿರುವದರಿಂದ ಈ ತಿಂಗಳು ಅದನ್ನೇ ಕುರಿತು ನಾಲ್ಕು ಮಾತು ಬರೆಯುವೆನು.

ಮೊದಲು ಖರೆಯಾದ ಅರ್ಧವನ್ನು ನೋಡೋಣ. ಪುಣೆಯ ಹತ್ತಿರ ಖಡಕವಾಸಲೆಯಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಇದೆ. ಅದರ ಅಡಿಗಲ್ಲನ್ನು 1949ರಲ್ಲಿ ಇಟ್ಟರು. 1955ರಲ್ಲಿ ಅದು ಅಲ್ಲಿ ಪ್ರಾರಂಭವಾಯಿತು. ಭೂಸೇನೆ, ನೌಕಾಸೇನೆ, ವಾಯುಸೇನೆಗಳ ಕೆಡೆಟರು ಅಲ್ಲಿ ಮೂರು ವರ್ಷ ಒಟ್ಟಿಗೆ ಕಲಿಯುತ್ತಾರೆ. ಪಾಠ, ಊಟ, ವಸತಿ, ಪುಸ್ತಕ, ಸಮವಸ್ತ್ರ, ಔಷಧೋಪಚಾರ ಇವೆಲ್ಲವುಗಳ ವೆಚ್ಚ ಸರಕಾರದ್ದು. ಕೊನೆಗೆ ದಿಲ್ಲಿಯ ಜವಾಹರಲಾಲ ನೆಹರು ವಿಶ್ವವಿದ್ಯಾಲಯದ ಪದವಿಯೂ ದೊರೆಯುವದು. ಆಮೇಲೆ ಭೂಸೇನೆಯವರು ಒಂದು ವರ್ಷ ಡೆಹರಾಡೂನಿನಲ್ಲಿ ತರಬೇತಿ ಪಡೆಯುವರು. ಆ ಕಾಲಕ್ಕೆ ತಿಂಗಳ ಸ್ಟೈಪೆಂಡೂ ಉಂಟು. ಖಡಕವಾಸಲೆಯಲ್ಲಿರುವಾಗ ತಂದೆತಾಯಿಗಳು ಕೊಡಬೇಕಾದುದು ಕೈಖರ್ಚು ಮಾತ್ರ. ವರಮಾನ ಕಡಿಮೆಯಿದ್ದವರಿಗೆ ಅದಕ್ಕೂ ನೆರವು ಇರುವದು. ಕಾಲೇಜಿನ ವಿದ್ಯೆಗೆ ಇದಕ್ಕಿಂತ ದೊಡ್ಡ ವಿದ್ಯಾರ್ಥಿವೇತನ ನಮ್ಮ ದೇಶದಲ್ಲಿ ವಿರಳ.

ಅರ್ಜಿಯನ್ನು ಕೇಂದ್ರ ಲೋಕಸೇವಾ ಆಯೋಗವು ವರ್ಷಕ್ಕೆ ಎರಡು ಸಲ ಕರೆಯುತ್ತದೆ. ವಯಸ್ಸು ಸುಮಾರು ಹದಿನಾರೂವರೆಯಿಂದ ಹತ್ತೊಂಬತ್ತೂವರೆಯ ಒಳಗಿರಬೇಕು, ಮದುವೆಯಾಗಿರಬಾರದು. ಪಿಯುಸಿ ಎರಡನೆಯ ವರ್ಷದಲ್ಲಿ ಓದುತ್ತಿರುವವರೂ ಅರ್ಜಿ ಹಾಕಬಹುದು. ಕಲಾ, ವಾಣಿಜ್ಯ ವಿಭಾಗದವರಿಗೆ ಭೂಸೇನೆಯ ಬಾಗಿಲು ತೆರೆದಿದೆ. ನೌಕಾಸೇನೆಗೂ ವಾಯುಸೇನೆಗೂ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕು. ಶುಲ್ಕ 100 ರೂಪಾಯಿ. ಹೆಣ್ಣುಮಕ್ಕಳಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಅದು ಇಲ್ಲ. ಲಿಖಿತ ಪರೀಕ್ಷೆಯಲ್ಲಿ ಗಣಿತಕ್ಕೆ 300, ಸಾಮಾನ್ಯ ಸಾಮರ್ಥ್ಯಕ್ಕೆ 600 ಅಂಕ. ಅದರಲ್ಲಿ ಗೆದ್ದವರಿಗೆ ಆಯ್ಕೆ ಮಂಡಳಿಯ ಮುಂದೆ ಸುಮಾರು ಐದು ದಿನಗಳ ಪರೀಕ್ಷೆ ನಡೆಯುವದು. ಅದಕ್ಕೆ 900 ಅಂಕ. ಅಲ್ಲಿ ಓದಿನ ಜೊತೆಗೆ ಮನಸ್ಸಿನ ನಿಲುವನ್ನೂ ಹತ್ತು ಜನರೊಡನೆ ಕೂಡಿ ಕೆಲಸಮಾಡುವ ಗುಣವನ್ನೂ ನೋಡುತ್ತಾರೆ. ಅಂಥ ಮಂಡಳಿಯೊಂದು ಬೆಂಗಳೂರಿನಲ್ಲಿಯೂ ಇದೆ.

ಹೆಣ್ಣುಮಕ್ಕಳೆಂದೆನಷ್ಟೆ. 2021ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ ಅವರಿಗೂ ಈ ಪರೀಕ್ಷೆಯ ದಾರಿ ತೆರೆಯಿತು. 2025ರ ಮೇ ತಿಂಗಳಲ್ಲಿ ಮೊದಲ ತಂಡದ 17 ಜನ ತರುಣಿಯರು ಅಕಾಡೆಮಿಯಿಂದ ತೇರ್ಗಡೆ ಹೊಂದಿ ಹೊರಬಂದರು. ಆದಕಾರಣ ಈ ಮಾತು ಮಗಳಿದ್ದ ಮನೆಗೂ ಸಲ್ಲುತ್ತದೆ.

ನಮ್ಮ ಕಡೆಯ ಮಕ್ಕಳು ಎಡವುವ ಕಲ್ಲುಗಳು ಕೆಲವಿವೆ. ಮೊದಲನೆಯದು ಜನ್ಮತಾರೀಖು. ಶಾಲೆಗೆ ಸೇರಿಸುವಾಗ ನಿಜವಾದ ದಿನ ನೆನಪಿರದೆ “ಜೂನ್ 1” ಎಂದು ಬರೆಯಿಸಿದ ಮನೆಗಳು ಎಷ್ಟಿಲ್ಲ? ಆಯೋಗವು ಹತ್ತನೆಯ ಇಯತ್ತೆಯ ಪ್ರಮಾಣಪತ್ರದಲ್ಲಿದ್ದ ತಾರೀಖನ್ನೇ ಒಪ್ಪುವದು. ಆಮೇಲೆ ತಿದ್ದಲು ಬಾರದು. ಎರಡನೆಯದು ಭಾಷೆ. ಪ್ರಶ್ನೆಗಳು ಇಂಗ್ಲೀಷು ಹಿಂದಿಗಳಲ್ಲಿ ಇರುವವು. ಇಂಗ್ಲೀಷಿಗೆ ಪ್ರತ್ಯೇಕವಾಗಿ 200 ಅಂಕಗಳುಂಟು. ಕನ್ನಡ ಶಾಲೆಯಲ್ಲಿ ಕಲಿತ ಮಗುವಿಗೆ ಇದು ಮೂರು ದಿನದ ಸಿದ್ಧತೆಯಲ್ಲ, ಮೂರು ವರ್ಷದ್ದು. ಮೂರನೆಯದು ಕೇಂದ್ರ. ಧಾರವಾಡದಲ್ಲಿ ಪರೀಕ್ಷಾಕೇಂದ್ರವಿದ್ದರೂ ಮೊದಲು ಅರ್ಜಿ ಹಾಕಿದವರಿಗೆ ಮೊದಲು ಸ್ಥಳ. ತಡಮಾಡಿದವರು ದೂರದ ಊರಿಗೆ ಹೋಗಬೇಕಾದೀತು.

ಇನ್ನು ಮರೆತುಹೋಗುವ ಆ ಉಳಿದರ್ಧದ ಮಾತು. ಆಯೋಗದ ಪ್ರಕಟನೆಯ ಕೊನೆಯ ಪುಟಗಳಲ್ಲಿ, ಮಗು ಆಯ್ಕೆಯಾದಾಗ ತಂದೆತಾಯಿಗಳು ಸಹಿ ಮಾಡಬೇಕಾದ ಎರಡು ಕಾಗದಗಳ ವಿಷಯವಿದೆ. ತನ್ನ ಕೈಯೊಳಗಿನ ಕಾರಣಕ್ಕಾಗಿ ಮಗನು ನಡುವೆಯೇ ಬಿಟ್ಟು ಬಂದರೆ, ಇಲ್ಲವೆ ಕೊನೆಗೆ ಅಧಿಕಾರ ಸ್ವೀಕರಿಸದಿದ್ದರೆ, ಅವನ ಮೇಲೆ ಆದ ವೆಚ್ಚವನ್ನು ಪೂರ್ಣವಾಗಿಯೋ ಭಾಗಶಃವೋ ತಿರುಗಿ ಕೊಡಬೇಕೆಂಬುವದು ಒಂದು. ತರಬೇತಿಯಲ್ಲಿ ಪೆಟ್ಟಾದರೆ ಸರಕಾರದಿಂದ ಪರಿಹಾರ ಕೇಳುವ ಹಕ್ಕಿಲ್ಲವೆಂಬುದನ್ನು ತಿಳಿದಿದ್ದೇವೆಂಬುವದು ಇನ್ನೊಂದು. ಪುಕ್ಕಟೆ ಎಂಬ ಶಬ್ದದ ಹಿಂದೆ ಇಷ್ಟು ದೊಡ್ಡ ಋಣವಿದೆ. ಆ ಋಣ ತೀರುವದು ರೊಕ್ಕದಿಂದಲ್ಲ, ಸೇವೆಯಿಂದ.

ಸಂಜೆ ಸ್ನೇಹಿತರ ಒತ್ತಾಯಕ್ಕೆ ಅವರ ಮನೆಗೆ ಹೋದೆನು. ಹುಡುಗನು ಆ ಪುಟಗಳನ್ನು ಫೋನಿನಲ್ಲಿ ತೆಗೆದು, ಒಂದೊಂದು ವಾಕ್ಯಕ್ಕೂ ಕನ್ನಡದಲ್ಲಿ ಅರ್ಥ ಹೇಳಿದನು. ತಾಯಿ ರೊಟ್ಟಿ ಬಡಿಯುತ್ತಲೇ ಕೇಳುತ್ತಿದ್ದರು. ಪರಿಹಾರದ ಮಾತು ಬಂದಾಗ ಕೈ ನಿಂತಿತು. “ಬಿದ್ದು ಸೊಂಟ ಮುರಕೊಂಡರ ಯಾರು ನೋಡತಾರ್ರಿ, ಮಾಸ್ತರ?” ಎಂದರು.

ಸಿಹಿಮಾತು ಹೇಳುವದು ಸುಲಭವಿತ್ತು. ನಾನು ಇದ್ದುದನ್ನೇ ಹೇಳಿದೆನು: ತರಬೇತಿಯಲ್ಲಿ ಗಾಯಗೊಂಡು ಹೊರಬಿದ್ದ ಕೆಡೆಟರು ಇನ್ನೂ ಅಧಿಕಾರಿಗಳಾಗಿರದ ಕಾರಣ ಅವರಿಗೆ ಮಾಜಿ ಸೈನಿಕರ ಸ್ಥಾನ ದೊರೆಯುತ್ತಿರಲಿಲ್ಲ, ಅವರ ಪಾಡನ್ನು 2025ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು, ಅದೇ ತಿಂಗಳು ಸರಕಾರವು ಅವರಿಗೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಚಿಕಿತ್ಸೆಯನ್ನು ಕೊಡಮಾಡಿತು. ಹೀಗೆ ಆಗುವದು ಕೆಲವರಿಗೆ ಮಾತ್ರ, ಆದರೆ ಆಗುವದೇ ಇಲ್ಲವೆಂದಲ್ಲ.

ಅವರು ಅಳಲಿಲ್ಲ. ಗಂಡನ ಕಡೆಗೆ ನೋಡಿ, “ತಿಂಗಳ ಮೊದಲ ಹೇಳಿದ್ದರ ನಾನೂ ಒಂದು ತಿಂಗಳು ಧೈರ್ಯ ಕಟ್ಟಿಕೋತಿದ್ದೆ. ಮೂರು ದಿನದಾಗ ಹ್ಯಾಂಗ ಕಟ್ಟಿಕೊಳ್ಳಲಿ?” ಎಂದರು. ಸ್ನೇಹಿತರು ತಲೆ ತಗ್ಗಿಸಿದರು. ನನಗೂ ಉತ್ತರ ಹೊಳೆಯಲಿಲ್ಲ.

ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದುದನ್ನು ನಮ್ಮ ಜಿಲ್ಲೆಯ ಮಕ್ಕಳೆಲ್ಲ ಬಲ್ಲರು. ಅವರ ಪತ್ನಿ ಸಿದ್ದಮ್ಮನವರೂ ಚಳುವಳಿಯಲ್ಲಿ ಸೆರೆಮನೆ ಕಂಡವರೆಂಬುದನ್ನು ಬಲ್ಲವರು ಕಡಿಮೆ. ಒಬ್ಬನ ಧೈರ್ಯದ ಹಿಂದೆ ಮನೆಯ ಧೈರ್ಯವೂ ಇರುವದುಂಟು. ಅದನ್ನು ಕೇಳದೆ ಅರ್ಜಿ ತುಂಬುವದು ಅನ್ಯಾಯ.

ಆದುದರಿಂದ ಗೃಹಸ್ಥರಲ್ಲಿ ನನ್ನ ವಿನಂತಿ ಇಷ್ಟೇ. ಮಗುವಿಗೆ ಈ ಆಸೆಯಿದ್ದರೆ ಬೇಗನೆ ಮಾತು ತೆಗೆಯಿರಿ. ವಿಜಾಪುರದಲ್ಲಿ 1963ರಿಂದ ಸೈನಿಕ ಶಾಲೆಯಿದೆ. ಸೈನಿಕ ಶಾಲೆಗಳ ಆರನೆಯ ಇಯತ್ತೆಯ ಪ್ರವೇಶಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು. ಪಿಯುಸಿಯಲ್ಲಿ ತಪ್ಪಿದರೂ ಪದವಿಯ ನಂತರ ಬೇರೆ ಪರೀಕ್ಷೆಯುಂಟು. ಎನ್‌ಸಿಸಿಯ ‘ಸಿ’ ಪ್ರಮಾಣಪತ್ರದ ದಾರಿಯೂ ಉಂಟು. ಆದರೆ ಮನೆಯಲ್ಲಿ ಒಂದು ಬಾಯಿ ಕಡಿಮೆಯಾಗುವದೆಂಬ ಲೆಕ್ಕದಿಂದ ಯಾರನ್ನೂ ಕಳಿಸಬೇಡಿರಿ. ಕೊನೆಯ ಪುಟಗಳನ್ನು ಮೊದಲು ಓದಿರಿ. ಎಲ್ಲರೂ ಕೂಡಿ ಕುಳಿತು ಓದಿರಿ.

ಮರುದಿನ ಬೆಳಿಗ್ಗೆ ಆ ತಾಯಿ ತಾವಾಗಿಯೇ ಟ್ರಂಕಿನಿಂದ ಮಗನ ಹತ್ತನೆಯ ಇಯತ್ತೆಯ ಪ್ರಮಾಣಪತ್ರವನ್ನು ತೆಗೆದುಕೊಟ್ಟರಂತೆ. ಅರ್ಜಿ ಹೋಯಿತು. ಅಷ್ಟರಲ್ಲಿ ಧಾರವಾಡ ತುಂಬಿತ್ತು, ಬೆಂಗಳೂರು ಸಿಕ್ಕಿದೆ. ಪರೀಕ್ಷೆ ಏಪ್ರಿಲದಲ್ಲಿ. ಫಲ ಏನಾಗುವದೋ ಬಲ್ಲವರಾರು? ಆದರೆ ಈಗ ಆ ಮನೆಯಲ್ಲಿ ಓದುವ ಹುಡುಗನಿಗೆ ದೀಪ ಹಚ್ಚಿಡುವವರು ಅವರೇ ಎಂದು ಸ್ನೇಹಿತರು ಹೇಳಿದರು.