ಔಷಧವನ್ನು ಬಿಟ್ಟವರೊಡನೆ ಮಾತು

ವೈದ್ಯರು ಬರೆದುಕೊಟ್ಟ ಔಷಧವನ್ನು ತಂದಿಟ್ಟು ಸೇವಿಸದಿರುವ ರೋಗಿಗಳು ನಮ್ಮ ಮನೆಗಳಲ್ಲಿ ಮಾತ್ರವೇ ಇರುವರೆಂದು ವಾಚಕರು ತಿಳಿಯಬಾರದು. ಸಿರಿವಂತ ದೇಶಗಳಲ್ಲಿಯೂ ದೀರ್ಘವ್ಯಾಧಿಯುಳ್ಳವರಲ್ಲಿ ಸುಮಾರು ಅರ್ಧದಷ್ಟು ಜನರು ಮಾತ್ರವೇ ಚಿಕಿತ್ಸೆಯನ್ನು ಸರಿಯಾಗಿ ಅನುಸರಿಸುವರೆಂದು ವಿಶ್ವ ಆರೋಗ್ಯ ಸಂಸ್ಥೆಯು 2003ರಲ್ಲಿ ಪ್ರಕಟಿಸಿತು. ರಕ್ತದ ಒತ್ತಡದಂತಹ, ನೋವನ್ನೇ ಕೊಡದ ರೋಗದಲ್ಲಿ ಈ ಉದಾಸೀನವು ಸಹಜವೇ ಸರಿ.

ಇಂತಹವರನ್ನು ನಾವು ಗದರಿಸುವೆವು, ಹೆದರಿಸುವೆವು, ಆಣೆಯಿಡುವೆವು. ಬಹುಕಾಲ ಪಾಠ ಹೇಳಿದವರಿಗಂತೂ ಈ ಮೂರೂ ಕರತಲಾಮಲಕ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ವಿಲಿಯಂ ಮಿಲ್ಲರ್ ಎಂಬವರು ಮದ್ಯವ್ಯಸನಿಗಳ ಚಿಕಿತ್ಸೆಯಲ್ಲಿ ಕಂಡುದೇನೆಂದರೆ, ಎದುರಿನವನು "ಬಿಡು, ಬಿಡು" ಎಂದಷ್ಟೂ ರೋಗಿಯು ಬಿಡದಿರುವುದಕ್ಕೆ ಕಾರಣಗಳನ್ನು ಹೇಳತೊಡಗುವನು. ಹೇಳುತ್ತ ಹೇಳುತ್ತ ಅವನ್ನೇ ನಂಬುವನು. 1983ರಲ್ಲಿ ಅವರು ಬರೆದ ಲೇಖನವೊಂದರಿಂದ ಒಂದು ಸಂಭಾಷಣಾಕ್ರಮವು ಹುಟ್ಟಿತು. ಅದು 1991ರಲ್ಲಿ ಸ್ಟೀಫನ್ ರಾಲ್ನಿಕ್ ಎಂಬವರ ಸಹಕಾರದಿಂದ ಗ್ರಂಥರೂಪವನ್ನು ತಾಳಿ, ಇತರ ವ್ಯಾಧಿಗಳ ಚಿಕಿತ್ಸೆಗೂ ಹಬ್ಬಿತು. ಬದಲಾಗುವುದಕ್ಕೆ ಕಾರಣವು ರೋಗಿಯ ಬಾಯಿಂದಲೇ ಹೊರಡುವಂತೆ ಪ್ರಶ್ನಿಸಿ, ತಾಳ್ಮೆಯಿಂದ ಕೇಳುವುದೇ ಅದರ ತಿರುಳು.

ಚರಕಸಂಹಿತೆಯು ರೋಗಿಗೆ ಹೇಳಿರುವ 4 ಗುಣಗಳಲ್ಲಿ ನಿರ್ದೇಶಕಾರಿತ್ವ, ಎಂದರೆ ಹೇಳಿದಂತೆ ನಡೆಯುವುದು, ಒಂದು. ಜ್ಞಾಪಕತ್ವ, ಎಂದರೆ ತನ್ನ ಅವಸ್ಥೆಯನ್ನು ತಿಳಿಯಹೇಳುವುದು, ಇನ್ನೊಂದು. ಮೊದಲನೆಯದನ್ನು ಎಲ್ಲರೂ ಬಯಸುವರು. ಎರಡನೆಯದಕ್ಕೆ ಕೇಳುವ ಕಿವಿಯು ಬೇಕಷ್ಟೆ.

ನಾವು ಬಲ್ಲ ಒಂದು ಮನೆಯಲ್ಲಿ ವೃದ್ಧರೊಬ್ಬರು ಒತ್ತಡದ ಮಾತ್ರೆಗಳನ್ನು ನಿಲ್ಲಿಸಿಬಿಟ್ಟಿದ್ದರು. ಮಗನ ಕೂಗಾಟವು ವ್ಯರ್ಥವಾಯಿತು. ಸೊಸೆಯು, "ಮಾವಯ್ಯ, ಆ ಮಾತ್ರೆಯಿಂದ ನಿಮಗೆ ಏನು ತೊಂದರೆಯಾಗುತ್ತಿತ್ತು?" ಎಂದು ಕೇಳಿ ಸುಮ್ಮನಾದಳು. ರಾತ್ರಿ ನಾಲ್ಕೈದು ಸಲ ಹಿತ್ತಲಿಗೆ ಹೋಗಬೇಕಾಗುವುದೆಂದೂ, ಕತ್ತಲೆಯಲ್ಲಿ ಬಿದ್ದೇನೆಂಬ ಭಯವೆಂದೂ ಅವರು ಆಗ ಬಾಯಿಬಿಟ್ಟರು. "ನಿದ್ದೆಯೂ ಇಲ್ಲ, ಬೀಳುವ ಭಯ ಬೇರೆ" ಎಂದು ಆಕೆಯು ಅವರ ಮಾತನ್ನೇ ತಿರುಗಿ ಹೇಳಿದಳು. ಅನಂತರ, "ಮಾತ್ರೆ ಎಷ್ಟು ಮುಖ್ಯವೆಂದು ನಿಮಗೆ ತೋರುತ್ತದೆ? ಹತ್ತಕ್ಕೆ ಎಷ್ಟು ಅಂಕ ಕೊಡುವಿರಿ?" ಎಂದಳು.

"ನಾಲ್ಕು."

"ಸೊನ್ನೆಯೆನ್ನದೆ ನಾಲ್ಕೆಂದಿರೇಕೆ?"

ಈ ವಿದ್ಯೆಯ ಮರ್ಮವಿರುವುದು ಇಲ್ಲಿಯೇ. "ಹತ್ತೇಕಲ್ಲ?" ಎಂದಿದ್ದರೆ ದೂರುಗಳ ಪಟ್ಟಿಯೇ ಬರುತ್ತಿತ್ತು. ವೃದ್ಧರು ತುಸು ಹೊತ್ತು ಮೌನವಾಗಿದ್ದು, "ನಮ್ಮ ತಂದೆ ಪಾರ್ಶ್ವವಾಯು ಬಡಿದು ಮೂರು ವರ್ಷ ಹಾಸಿಗೆ ಹಿಡಿದಿದ್ದರಮ್ಮ" ಎಂದರಂತೆ. ಮರುದಿನ ತಾವಾಗಿಯೇ ವೈದ್ಯರಲ್ಲಿಗೆ ಹೊರಟರು. ಮಾತ್ರೆಗಳಲ್ಲೊಂದು ಮೂತ್ರವನ್ನು ಹೆಚ್ಚಿಸತಕ್ಕದ್ದಾಗಿತ್ತು. ವೈದ್ಯರು ಅದನ್ನು ರಾತ್ರಿಗೆ ಬದಲಾಗಿ ಬೆಳಿಗ್ಗೆ ತೆಗೆದುಕೊಳ್ಳಹೇಳಿದರು.

ರೋಗಿಯು ಕಡೆಗೂ ಒಲ್ಲೆನೆಂದರೆ ಅದನ್ನೂ ಕೇಳುವ ಸಹನೆಯಿಲ್ಲದವರು ಈ ಕ್ರಮಕ್ಕೆ ಕೈಹಾಕದಿರುವುದು ಲೇಸು. ಎದೆನೋವೋ, ನಾಲಗೆ ತೊದಲುವುದೋ ಕಂಡುಬಂದಾಗ ಮಾತ್ರ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು ಕೂಡಲೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.